ಫಿಜಿಕ್ಸ್ ಮೇಡಂ ಮತ್ತು ಎರಡು ಬಾಗಿಲಿನ ಗಾಡಿ

ಚಿಕ್ಕೋಡಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹದಿನೆಂಟು ವರ್ಷ ಅವರ ಮೇಜು ನನ್ನ ಮೇಜಿಗೆ ಎದುರಾಗಿತ್ತು. ಅವರು ಫಿಜಿಕ್ಸ್ ಕಲಿಸುತ್ತಿದ್ದರು, ನಾನು ಅರ್ಥಶಾಸ್ತ್ರ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನವರೆಲ್ಲ ಫಿಜಿಕ್ಸ್ ಮೇಡಂ ಎಂದೇ ಕರೆಯುತ್ತಿದ್ದರು, ಅಷ್ಟು ಸಾಕು.

ಕುಳ್ಳಗಿನ, ಗಟ್ಟಿ ಮೈಯ ಹೆಣ್ಣುಮಗಳು. ತರಗತಿಗೆ ಹೋಗುವ ಮುಂಚೆ ಹೊಲದ ಕೆಲಸಕ್ಕೆ ಹೊರಟವರ ಹಾಗೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸುತ್ತಿದ್ದರು. ಒಳಗೆ ಹೋದವರೇ ಕಿಟಕಿಗಳನ್ನೆಲ್ಲ ತಾವೇ ತೆರೆಯುತ್ತಿದ್ದರು, ಹುಡುಗರಿಗೆ ಹೇಳುತ್ತಿರಲಿಲ್ಲ. ಯಾರಾದರೂ ತಪ್ಪು ಉತ್ತರ ಕೊಟ್ಟರೆ ಅದನ್ನು ತಪ್ಪು ಎನ್ನುವುದು ಅವರ ಪದ್ಧತಿಯಲ್ಲ. "ಹಂಗಾದ್ರ ಮುಂದ ಏನಾಗ್ತೈತಿ, ನೋಡೂಣು" ಎಂದು ಆ ತಪ್ಪು ಉತ್ತರವನ್ನೇ ಹಿಡಿದು ಬೋರ್ಡಿನ ತುಂಬ ಲೆಕ್ಕ ಮಾಡುತ್ತ ಹೋಗುವರು. ಕೊನೆಗೆ ಕಲ್ಲು ಮೇಲಕ್ಕೆ ಬೀಳುತ್ತದೆ ಎಂದೋ, ನೀರು ತಾನಾಗಿ ಗುಡ್ಡ ಹತ್ತುತ್ತದೆ ಎಂದೋ ಬಂದಾಗ ಉತ್ತರ ಕೊಟ್ಟ ಹುಡುಗನೇ ಮೊದಲು ನಗುತ್ತಿದ್ದ. ನಿಪ್ಪಾಣಿ ಕಡೆಯಿಂದ ಬರುತ್ತಿದ್ದ ಮರಾಠಿ ಮನೆಯ ಮಕ್ಕಳಿಗಾಗಿ ಕೊನೆಯ ಹತ್ತು ನಿಮಿಷ ಅದೇ ಪಾಠವನ್ನು ಮರಾಠಿಯಲ್ಲಿ ಇನ್ನೊಮ್ಮೆ ಹೇಳುವರು. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಅದಕ್ಕೆ ಧನ್ಯವಾದ ಹೇಳಲೂ ಇಲ್ಲ.

ನನಗೆ ಅವರ ಬಗ್ಗೆ ಹೊಟ್ಟೆಕಿಚ್ಚು ಇತ್ತು.

ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯಲು ಇಷ್ಟು ವರ್ಷ ಹಿಡಿಯಿತು. ಆಗ ನಾನು ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟುಕೊಂಡಿದ್ದೆ. ಸೈನ್ಸ್ ವಿಷಯಕ್ಕೆ ಎಲ್ಲರೂ ಮಣೆ ಹಾಕುತ್ತಾರೆ ಎಂದುಕೊಂಡೆ. ಹೆಣ್ಣುಮಗಳೆಂದು ಮಕ್ಕಳಿಗೆ ಸಲಿಗೆ ಎಂದುಕೊಂಡೆ. ದ್ರಾಕ್ಷಿ ಸುಗ್ಗಿಯಲ್ಲಿ ಅಥಣಿ, ಕಾಗವಾಡದ ಹಳೆಯ ವಿದ್ಯಾರ್ಥಿಗಳು ಮೊದಲ ಬುಟ್ಟಿ ತಂದು ಅವರ ಮೇಜಿನ ಮೇಲಿಡುತ್ತಿದ್ದರು. ಅವರು ಆ ಬುಟ್ಟಿಯನ್ನು ಅರ್ಧಕ್ಕೆ ಸರಿಸಿ, "ತಗೋರಿ ಸರ್" ಎನ್ನುವರು. ನಾನು ತಿನ್ನುತ್ತಿದ್ದೆ.

ನನ್ನದೆಂದು ಹೇಳಿಕೊಳ್ಳಲು ನನಗೊಂದೇ ವಿದ್ಯೆ ಇತ್ತು, ಗಾಡಿಗಳ ವಿದ್ಯೆ. ಚಿಕ್ಕಂದಿನಿಂದ ಮೋಟಾರು ಪತ್ರಿಕೆಗಳನ್ನು ಕೂಡಿಟ್ಟವನು ನಾನು. ಯಾವ ಎಂಜಿನ್ನಿಗೆ ಎಷ್ಟು ಶಕ್ತಿ, ಯಾವ ಗಾಡಿಯ ಹಿಂದಿನ ಚಕ್ರ ಎಳೆಯುತ್ತದೆ, ಯಾವುದರ ಮುಂದಿನದು, ಎಲ್ಲ ಬಾಯಿಪಾಠ. ಓಡಿಸುತ್ತಿದ್ದುದು ಮಾತ್ರ ಎಲ್ಲರ ಮನೆಯಲ್ಲೂ ಇರುವಂಥ ಒಂದು ಸಣ್ಣ ಕಾರು. ಸಹೋದ್ಯೋಗಿಗಳು ಹಳೆಯ ಗಾಡಿ ಕೊಳ್ಳುವಾಗ ನನ್ನನ್ನು ಕೇಳದೆ ಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಲೇಜಿನ ಮುಂದೆಯೇ ಆ ಕಾರು ಕೈಕೊಟ್ಟಿತು. ಬಾನೆಟ್ಟು ಎತ್ತಿ, ಸುತ್ತ ನಿಂತ ಹುಡುಗರಿಗೆ ಪೆಟ್ರೋಲ್ ಪಂಪು ಹೇಗೆ ಕೆಡುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಮೇಡಂ ಮನೆಗೆ ಹೊರಟವರು ನಿಂತು ನೋಡಿದರು. ಬಗ್ಗಿ, ಬ್ಯಾಟರಿಯ ಮೇಲಿನ ವೈರನ್ನು ಹಿಡಿದು ಗಟ್ಟಿಯಾಗಿ ತಿರುವಿ, "ಈಗ ಚಾಲೂ ಮಾಡ್ರಿ" ಎಂದರು. ಗಾಡಿ ಶುರುವಾಯಿತು. ಹುಡುಗರು ಚಪ್ಪಾಳೆ ಹೊಡೆದರು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಸರ್ ಹೇಳಿದ್ದೂ ಖರೇ ಐತಿ, ಪಂಪಿನ ಕಡೆನೂ ಒಮ್ಮೆ ನೋಡಸಬೇಕು" ಎಂದು ಹುಡುಗರಿಗೆ ಕೇಳುವ ಹಾಗೆ ಹೇಳಿ ಹೋದರು. ನನ್ನ ಮರ್ಯಾದೆ ಉಳಿಸಲು ಆಡಿದ ಮಾತು. ಅವರು ನಕ್ಕುಬಿಟ್ಟಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಗಾಡಿ ಕೆಲಸ ಎಲ್ಲಿ ಕಲಿತಿರಿ ಎಂದು ಮರುದಿನ ಯಾರೋ ಅವರನ್ನು ಕೇಳಿದರು. ಅವರ ತಂದೆ ರಾಯಬಾಗ ತಾಲ್ಲೂಕಿನ ಒಂದು ಊರಿನಲ್ಲಿ ಜಮೀನುದಾರರ ಟ್ರ್ಯಾಕ್ಟರ್ ಹೊಡೆಯುತ್ತಿದ್ದರಂತೆ. ಒಂಬತ್ತನೆಯ ವಯಸ್ಸಿಗೇ ಇವರನ್ನು ಮುಂದೆ ಕೂರಿಸಿಕೊಂಡು ಸ್ಟೇರಿಂಗು ಹಿಡಿಯಲು ಕಲಿಸಿದ್ದರಂತೆ. ಮಾಲೀಕರು ಕಂಡರೆ ಬೈಯುತ್ತಾರೆಂದು ಕಬ್ಬು ಎತ್ತರ ಬೆಳೆದ ಹೊಲದ ನಡುವೆ ಮಾತ್ರ ಓಡಿಸುತ್ತಿದ್ದರಂತೆ. ಇದನ್ನೆಲ್ಲ ಅವರು ಯಾವ ಮುಚ್ಚುಮರೆಯೂ ಇಲ್ಲದೆ, ಚಹಾ ಕುಡಿಯುತ್ತ ಹೇಳಿದರು.

ನಾನು ತಲೆ ಎತ್ತಲಿಲ್ಲ. ನಮ್ಮ ಊರು ಅಲಖನೂರ. ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇದ್ದವು, ಹೊಡೆಯಲು ಅವರ ತಂದೆಯಂಥದೇ ಒಬ್ಬ ಮನುಷ್ಯ ಇದ್ದ. ಅವನ ಚಹಾದ ಕಪ್ಪು ದನದ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ಅದನ್ನು ಅವನೇ ತೆಗೆದುಕೊಂಡು, ಕುಡಿದು, ತೊಳೆದು ಇಡಬೇಕಿತ್ತು. ಅಂಥ ಮನೆಯಿಂದ ಬಂದವನು ನಾನು, ಇಂಥ ಮನೆಯಿಂದ ಬಂದವರು ಅವರು, ಮತ್ತು ಬುಟ್ಟಿಯನ್ನು ಅರ್ಧ ಸರಿಸಿ ತಗೋರಿ ಎನ್ನುವವರು ಅವರೇ. ನನ್ನ ಹೊಟ್ಟೆಕಿಚ್ಚಿನ ಬೇರು ಅಲ್ಲಿಯವರೆಗೂ ಇಳಿದಿತ್ತು ಎಂಬುದು ಆಗ ನನಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದಂತೆ ಇದ್ದೆ.

ಅವರು ಮದುವೆಯಾಗಲಿಲ್ಲ. ತಮ್ಮನನ್ನು ಓದಿಸಿದರು, ತಾಯಿಯನ್ನು ಕೊನೆಯವರೆಗೆ ನೋಡಿಕೊಂಡರು. ತಾಯಿ ತೀರಿಕೊಂಡ ಮರುವರ್ಷ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದಾಗ, ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಕಾಗವಾಡದ ಕಡೆ ಅವರ ಹಳೆಯ ವಿದ್ಯಾರ್ಥಿಯೊಬ್ಬನ ದ್ರಾಕ್ಷಿ ತೋಟವಿದೆ, ಅವನು ಮುಂಬಯಿಯಿಂದ ತಂದ ಒಂದು ಜಪಾನಿ ಗಾಡಿಯನ್ನು ಮಾರುತ್ತಿದ್ದಾನೆ, ಅದನ್ನು ತೆಗೆದುಕೊಳ್ಳಲೋ ಬೇಡವೋ ಎಂದು ಎಂಟು ದಿನದಿಂದ ಯೋಚನೆ ಮಾಡುತ್ತಿದ್ದೇನೆ ಎಂದರು.

ಆ ಗಾಡಿ ನನಗೆ ಗೊತ್ತಿತ್ತು. ಗಾಢ ನೀಲಿ ಬಣ್ಣ, ಎರಡೇ ಬಾಗಿಲು, ನಿಂತವರ ಎದೆಮಟ್ಟಕ್ಕೂ ಬಾರದಷ್ಟು ತಗ್ಗು. ಹಿಂದಿನ ಸೀಟಿನಲ್ಲಿ ಒಂದು ಚೀಲ ಹಿಡಿದರೆ ಹೆಚ್ಚು. ಓಡಿಸುವುದಕ್ಕೆಂದೇ ಮಾಡಿದ ಗಾಡಿ, ಮಂದಿಯನ್ನು ಹೊರುವುದಕ್ಕಲ್ಲ. ಹದಿನೈದನೆಯ ವಯಸ್ಸಿನಲ್ಲಿ ಅದರ ಚಿತ್ರವನ್ನು ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದೆ. ಆ ತೋಟದಲ್ಲಿ ಅಂಥದೊಂದು ಇದೆಯೆಂದು ತಿಳಿದು ಎರಡು ತಿಂಗಳ ಹಿಂದೆ ನಾನೇ ಹೋಗಿ ನೋಡಿ ಬಂದಿದ್ದೆ. ತೋಟದವನು ಮರ್ಯಾದೆಯಿಂದ ಚಹಾ ಕೊಟ್ಟ, ಕವರು ತೆಗೆದು ತೋರಿಸಿದ. ಒಂದು ಸುತ್ತು ಹಾಕಿ ನೋಡಲೇ ಎಂದು ಕೇಳಿದಾಗ ನಕ್ಕು ಬೇರೆ ಮಾತು ತೆಗೆದ.

"ನಿಮಗ್ಯಾಕ್ರಿ ಮೇಡಂ ಅಂಥಾ ಗಾಡಿ?" ಎಂದೆ.

"ಇಲ್ಲೀ ಮಟ ತಗೊಂಡದ್ದೆಲ್ಲಾ ಯಾರಿಗರೆ ಬೇಕಾಗಿ ತಗೊಂಡೇನ್ರಿ. ಇದು ಯಾರಿಗೂ ಬ್ಯಾಡ. ನನಗಷ್ಟ ಬೇಕು."

ಅವರು ಗಾಡಿಯೊಳಗೆ ಕೂತು ನೋಡಿದ್ದರಂತೆ, ಎಂಜಿನ್ ಚಾಲೂ ಮಾಡಿಸಿ ಕೇಳಿದ್ದರಂತೆ. ಛಲೋ ಐತಿ ಅನಿಸಿತು, ಆದರೆ ಇಂಥ ಗಾಡಿಯ ಬಗ್ಗೆ ನನಗೇನು ತಿಳಿಯುತ್ತದೆ, ನೀವೊಮ್ಮೆ ಹೋಗಿ ನೋಡಿ ಬಂದು ಹೇಳಿದರೆ ಹಾಗೇ ಮಾಡುತ್ತೇನೆ ಎಂದರು. ಹಾಗೇ ಮಾಡುತ್ತೇನೆ ಎಂಬ ಮಾತನ್ನು ಎರಡು ಸಲ ಹೇಳಿದರು.

ಭಾನುವಾರ ಹೋದೆ. ತೋಟದವನು ಈ ಸಲ ನಾನು ಕೇಳುವ ಮೊದಲೇ ಕೀಲಿ ತಂದು ಅಂಗೈಯಲ್ಲಿ ಇಟ್ಟ. "ಮೇಡಂ ಫೋನ್ ಮಾಡಿದ್ರಂತ ಕೊಡಾಕತ್ತೀನ್ರಿ ಸರ್. ಇಲ್ಲಂದ್ರ ಇದರ ಚಾವಿ ನಮ್ಮ ತಮ್ಮಗೂ ಕೊಡೂದಿಲ್ಲ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಮಂಗಸೂಳಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಅರ್ಧ ಗಂಟೆ ಹಿಡಿದಿರಬಹುದು. ಗಾಡಿಯನ್ನು ಜಾಕ್ ಹಚ್ಚಿ ಎತ್ತಿ ಕೆಳಗೆ ನೋಡಿದೆ, ಸೀಟಿನ ಅಡಿಗೆ ಕೈ ಹಾಕಿ ನೋಡಿದೆ, ಎಣ್ಣೆ ನೋಡಿದೆ, ಕಾಗದಪತ್ರ ನೋಡಿದೆ. ದೋಷ ಹುಡುಕಿದೆ ಎಂದೇ ಹೇಳಬೇಕು. ಒಂದೂ ಸಿಗಲಿಲ್ಲ. ಅವನು ಅದನ್ನು ಮಗುವಿನ ಹಾಗೆ ಇಟ್ಟಿದ್ದ.

ಬರುವಾಗ ನನ್ನ ಸಣ್ಣ ಕಾರಿನಲ್ಲಿ ಕೂತು ಚಿಕ್ಕೋಡಿಯ ದಾರಿ ಹಿಡಿದೆ. ಕಾಲೇಜಿನ ಬೇವಿನ ಮರದ ನೆರಳಿನಲ್ಲಿ ನಾನು ನಿಲ್ಲಿಸುವ ಜಾಗದ ಪಕ್ಕದಲ್ಲಿ ಆ ನೀಲಿ ಗಾಡಿ ನಿಂತದ್ದು ಕಣ್ಣಿಗೆ ಕಟ್ಟಿತು. ಹುಡುಗರು ಮುತ್ತಿಕೊಂಡು ನಿಂತದ್ದು, ಅವರು ಸೆರಗು ಸಿಕ್ಕಿಸಿಕೊಂಡು ಇಳಿದದ್ದು, ನಾನು ಪಕ್ಕದಲ್ಲಿ ನನ್ನ ಬಾಗಿಲು ಹಾಕಿಕೊಂಡದ್ದು. ಅದೂ ದಿನಾ, ನಾಲ್ಕು ವರ್ಷ.

ಆದರೂ ಸುಳ್ಳು ಹೇಳಬೇಕೆಂದು ನಿರ್ಧಾರ ಮಾಡಿಕೊಂಡು ಹೋದವನಲ್ಲ. ಸೋಮವಾರ ಸಂಜೆ ಲ್ಯಾಬಿನಲ್ಲಿ ಅವರು ಮಸೂರಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಮುಖ ಅರಳಿತು. ಐವತ್ತಾರು ವರ್ಷದ ಮುಖದಲ್ಲಿ ಅಂಥ ಆಸೆಯನ್ನು ನಾನು ನೋಡಿರಲಿಲ್ಲ. ಆ ಆಸೆ ನನ್ನದಾಗಿತ್ತು. ಅದು ಅವರ ಮುಖದ ಮೇಲೆ ಇದ್ದದ್ದನ್ನು ನನಗೆ ನೋಡಲಾಗಲಿಲ್ಲ.

"ಬ್ಯಾಡ್ರಿ ಮೇಡಂ" ಎಂದೆ. "ಹೊಳಿ ನೀರು ಹೊಕ್ಕೈತಿ ಗಾಡಿಯೊಳಗ."

ಅವರ ಕೈ ನಿಂತಿತು. ಆ ತೋಟ ಕೃಷ್ಣಾ ಹೊಳೆಗೆ ದೂರವಿಲ್ಲ, ಹಿಂದೆ ನೀರು ಬಂದಾಗ ಆ ಭಾಗದ ಶೆಡ್ಡುಗಳೆಲ್ಲ ಮುಳುಗಿದ್ದವು. ನಂಬಲು ಕಷ್ಟವಿರಲಿಲ್ಲ.

"ಎಲ್ಲಿ ಮಟ ಬಂದಿತ್ತಂತೀರಿ?"

"ಸೀಟಿನ ಮಟ. ಅಡೀಗೆ ರಾಡಿ ಹಂಗ ಐತಿ. ವೈರಿಂಗ್ ಎಲ್ಲಾ ಜಂಗು ಹಿಡದೈತಿ. ಇವತ್ತ ಓಡತೈತಿ, ಆರ ತಿಂಗಳಿಗೆ ನಿಂದರತೈತಿ."

ತೋಟದವನು ನಮ್ಮ ಮುಂದೆ ಒಪ್ಪುವುದಿಲ್ಲ, ಮಾರುವವರು ಯಾರು ಒಪ್ಪುತ್ತಾರೆ, ಅವನನ್ನು ಕೇಳಿ ಕೆಟ್ಟವರಾಗಬೇಡಿ ಎಂದೂ ಸೇರಿಸಿದೆ. ಒಮ್ಮೆ ಶುರುವಾದ ಮೇಲೆ ಸುಳ್ಳಿಗೆ ಬೇಕಾದದ್ದೆಲ್ಲ ತಾನಾಗಿ ಒದಗಿ ಬರುತ್ತಿತ್ತು. ಅವರು ಕೈಯಲ್ಲಿದ್ದ ಮಸೂರವನ್ನು ಮತ್ತೆ ಒರೆಸಿದರು. ಅದು ಆಗಲೇ ಸ್ವಚ್ಛವಾಗಿತ್ತು. "ಛಲೋ ಆತು ಬಿಡ್ರಿ ನೀವು ನೋಡಿದ್ದು" ಎಂದರು. ಮರುದಿನ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಮಾಡಿ ತಂದು ಕೊಟ್ಟರು. ಮನೆಯಲ್ಲಿ ಎಲ್ಲರೂ ತಿಂದರು.

ಆ ವಾರ ನಾನು ಇನ್ನೊಂದು ಹುಚ್ಚಿಗೆ ಬಿದ್ದೆ. ಗಾಡಿಯನ್ನು ನಾನೇ ಏಕೆ ಕೊಳ್ಳಬಾರದು? ಮೂರು ದಿನ ಹೆಂಡತಿಯ ಹಿಂದೆ ಮುಂದೆ ತಿರುಗಿದೆ. ಅವಳು ಬೈಯಲಿಲ್ಲ. "ಅದರಾಗ ನಾವು ನಾಕ ಮಂದಿ ಎಲ್ಲಿ ಕುಂಡ್ರೂದು ಹೇಳ್ರಿ, ಆಮ್ಯಾಲೆ ತಗೊಳ್ಳೂಣಂತ" ಎಂದಳು. ಅದಕ್ಕೂ ಏನಾದರೂ ಉತ್ತರ ಹುಡುಕುತ್ತಿದ್ದೆನೇನೋ. ಆದರೆ ಮೂರನೆಯ ದಿನ ತಲೆಗೆ ಹೊಳೆಯಿತು: ಆ ಗಾಡಿಯನ್ನು ಕಾಲೇಜಿಗೆ ತಂದರೆ ಮೇಡಂ ನೋಡುತ್ತಾರೆ. ಹೊಳೆಯ ನೀರು ಹೊಕ್ಕ ಗಾಡಿಯನ್ನು ನೀವು ಹೇಗೆ ಕೊಂಡಿರಿ ಎಂದು ಕೇಳುತ್ತಾರೆ. ಅವರಿಗೆ ಮುಚ್ಚಿದ ಬಾಗಿಲನ್ನು ನನಗೂ ನಾನೇ ಮುಚ್ಚಿಕೊಂಡಿದ್ದೆ. ತಿಂಗಳೊಳಗೆ ಸಾಂಗಲಿ ಕಡೆಯ ಯಾರೋ ಅದನ್ನು ಒಯ್ದರು.

ಮೇಡಂ ಬೇರೆ ಗಾಡಿ ಕೊಳ್ಳಲಿಲ್ಲ. ಎಂದಿನ ತಮ್ಮ ಸ್ಕೂಟರಿನಲ್ಲೇ ಬಂದರು, ನನ್ನ ಕಾರಿನ ಪಕ್ಕದಲ್ಲೇ ನಿಲ್ಲಿಸಿದರು. ಮೊದಲ ಕೆಲವು ದಿನ ನನಗೆ ಹಗುರಾಗಿತ್ತು, ಸುಳ್ಳು ಹೇಳಲಾರೆ. ಆಮೇಲೆ ಒಂದು ಬದಲಾವಣೆ ಕಂಡಿತು. ಅವರು ಸಣ್ಣ ಸಣ್ಣದಕ್ಕೆಲ್ಲ ಇನ್ನೊಬ್ಬರನ್ನು ಕೇಳತೊಡಗಿದರು. ಲ್ಯಾಬಿಗೆ ಹೊಸ ಉಪಕರಣ ಬಂದರೆ, "ನೋಡ್ರಿ ಸರ್, ಬರೋಬರಿ ಐತೇನು" ಎಂದು ನನ್ನನ್ನು ಕರೆಯುವರು. ಅರ್ಥಶಾಸ್ತ್ರದವನನ್ನು. ತಾವೇ ಬಿಚ್ಚಿ ರಿಪೇರಿ ಮಾಡುತ್ತಿದ್ದ ಫ್ಯಾನು, ಸ್ವಿಚ್ಚುಗಳನ್ನು ಅಂಗಡಿಗೆ ಕಳಿಸಿದರು. ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ.

ನಾಲ್ಕು ವರ್ಷದ ಮೇಲೆ ಅವರನ್ನು ಬೀಳ್ಕೊಡುವ ದಿನ ಹಾರ, ಶಾಲು, ಭಾಷಣಗಳು ಎಲ್ಲ ಆದವು. ಅವರು ಕೊನೆಯಲ್ಲಿ ಎದ್ದು ನಾಲ್ಕೇ ಮಾತು ಆಡಿದರು. ನಾಲ್ಕರಲ್ಲಿ ಒಂದು ನನ್ನ ಬಗ್ಗೆ. ವಯಸ್ಸಾದ ಮೇಲೆ ತಾವೊಂದು ಹುಚ್ಚು ಸಾಹಸಕ್ಕೆ ಹೊರಟಿದ್ದಾಗ ಈ ಸರ್ ತಮ್ಮ ಭಾನುವಾರ ಕೆಡಿಸಿಕೊಂಡು ಹೋಗಿ, ಖರೇ ಹೇಳಿ ಉಳಿಸಿದರು ಎಂದು ನನ್ನ ಕಡೆ ತಿರುಗಿ ಕೈ ಮುಗಿದರು. ಸಭೆಯವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ನಾನೂ ಕೈ ಮುಗಿದೆ.

ಹದಿನೈದು ದಿನ ತಡೆದುಕೊಂಡೆ. ಅಷ್ಟರಲ್ಲಿ ಅವರು ಚಿಕ್ಕೋಡಿಯ ಬಾಡಿಗೆ ಮನೆ ಬಿಟ್ಟು ನಿಪ್ಪಾಣಿಗೆ, ತಮ್ಮನ ಮನೆಯ ಹತ್ತಿರ ಹೋಗುವವರಿದ್ದರು. ಹೊರಡುವ ಮುಂಚಿನ ದಿನ ಬೆಳಿಗ್ಗೆ ಹೋದೆ. ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿದ್ದವು. ಗೋಡೆಯ ಮೇಲೆ ಉಳಿದದ್ದು ತಂದೆತಾಯಿಯ ಫೋಟೋ, ಕಟ್ಟೆಯ ಮೇಲೆ ಬುದ್ಧನ ಒಂದು ಸಣ್ಣ ಮೂರ್ತಿ. ಪ್ಯಾಕು ಮಾಡಿದ್ದನ್ನು ಬಿಚ್ಚಿ ಎರಡು ಕಪ್ಪು ತೆಗೆದು ಚಹಾ ಮಾಡಿಕೊಟ್ಟರು.

ಹೇಳಿದೆ. ಗಾಡಿಯೊಳಗೆ ನೀರು ಹೊಕ್ಕಿರಲಿಲ್ಲ, ರಾಡಿ ಇರಲಿಲ್ಲ, ನಾನೇ ಹುಟ್ಟಿಸಿ ಹೇಳಿದ್ದು ಎಂದೆ.

ಬೈಯುತ್ತಾರೆ ಎಂದುಕೊಂಡು ನಾನು ನೆಲ ನೋಡುತ್ತ ಕೂತಿದ್ದೆ. ಅವರು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ಹಂಗಾದ್ರ ಗಾಡಿ ಛಲೋ ಇತ್ತು?"

"ಭಾಳ ಛಲೋ ಇತ್ರಿ."

"ನನಗೂ ಹಂಗ ಅನಿಸಿತ್ತು" ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ, "ನಾಕ ವರ್ಷ ಆತು, ನನಗ ಏನೂ ತಿಳಿಯೂದಿಲ್ಲ ಅಂತನ ತಿಳಕೊಂಡಿದ್ದೆ" ಎಂದರು.

ಆಗ ಗೊತ್ತಾಯಿತು ನಾನು ಏನನ್ನು ಕದ್ದಿದ್ದೆನೆಂದು. ಇಷ್ಟು ದಿನ ಗಾಡಿಯನ್ನು ಎಂದುಕೊಂಡಿದ್ದೆ.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರು. ಹೊಟ್ಟೆಕಿಚ್ಚು ಎಂದೆ. ಅದು ಉತ್ತರದ ಅರ್ಧ. ಉಳಿದ ಅರ್ಧ, ಕೊಟ್ಟಿಗೆಯ ಗೂಡಿನಲ್ಲಿದ್ದ ಆ ಕಪ್ಪಿನ ಮಾತು, ಬಾಯಿಗೆ ಬರಲಿಲ್ಲ. ಅವರು ಇನ್ನೂ ಸ್ವಲ್ಪ ಹೊತ್ತು ನನ್ನನ್ನು ನೋಡಿದರು, ಉಳಿದದ್ದು ಬರಲಿ ಎಂದು ಕಾದವರ ಹಾಗೆ. ಬರಲಿಲ್ಲವಾದ್ದರಿಂದ ಕಪ್ಪನ್ನು ಬದಿಗಿಟ್ಟು ಕಾಲು ಮಡಚಿ ಕೂತರು.

"ನೀವು ಓಡಸಿದ್ರೆಲಾ. ಹ್ಯಾಂಗ ಓಡ್ತು, ಹೇಳ್ರಿ."

ಹೇಳತೊಡಗಿದೆ. ತೋಟದ ಮಣ್ಣಿನ ದಾರಿ ದಾಟಿ ಡಾಂಬರಿಗೆ ಬಂದದ್ದು, ಸೀಟು ಎಷ್ಟು ತಗ್ಗಿತ್ತೆಂದರೆ ಎರಡೂ ಬದಿಯ ಕಬ್ಬು ಮೇಲಿನಿಂದ ಬಗ್ಗಿ ನೋಡುವಂತೆ ಕಂಡದ್ದು. ಗೇರಿನ ಕೋಲು ಗೇಣಿಗಿಂತ ಗಿಡ್ಡ, ಎರಡು ಬೆರಳಿನಿಂದ ಒತ್ತಿದರೆ ಸಾಕು ಬೀಳುತ್ತಿತ್ತು ಎಂದೆ. ಮೀಟರಿನ ಮುಳ್ಳು ಅರ್ಧ ದಾಟುವವರೆಗೆ ಸದ್ದು ಸಾಧಾರಣ, ಆಮೇಲೆ ದನಿಯೇ ಬೇರೆಯಾಗಿ ಬೆನ್ನನ್ನು ಯಾರೋ ಹಿಂದಿನಿಂದ ದಬ್ಬಿದಂತಾಗುತ್ತಿತ್ತು ಎಂದೆ. ಮುಂದೆ ಕಬ್ಬು ತುಂಬಿದ ಎರಡು ಟ್ರೇಲರಿನ ಟ್ರ್ಯಾಕ್ಟರ್ ಸಿಕ್ಕಿದ್ದು, ಅದನ್ನು ದಾಟುವಾಗ ಗಾಡಿ ಒಂದು ಕ್ಷಣ ಹಿಂಜರಿದದ್ದು ಹೇಳಿದೆ.

"ಯಾವ ಗೇರಿನ್ಯಾಗ ಇದ್ರಿ?"

"ನಾಕನೇದು."

"ಮೂರಕ್ಕ ಇಳಸಬೇಕಿತ್ರಿ" ಎಂದರು.

ನಿಜ, ಇಳಿಸಬೇಕಿತ್ತು. ಓಡಿಸಿದವನು ನಾನು. ಅವರು ಕೇಳುತ್ತ ಕೂತಲ್ಲೇ ನನಗಿಂತ ಚೆನ್ನಾಗಿ ಓಡಿಸುತ್ತಿದ್ದರು. ಕ್ಷಮೆ ಕೇಳಲು ಹೋದ ಮನೆಯಲ್ಲಿ, ಅವರ ಚಹಾ ಕುಡಿಯುತ್ತ, ನನಗೆ ಮತ್ತೆ ಅವರ ಮೇಲೆ ಹೊಟ್ಟೆ ಉರಿಯಿತು.

ಮಂಗಸೂಳಿಯ ಹತ್ತಿರ ಮಲ್ಲಯ್ಯನ ಗುಡಿಗೆ ಹೊರಟಿದ್ದ ಮಂದಿ, ಹಣೆಯ ತುಂಬ ಅರಿಶಿನದ ಭಂಡಾರ ಬಳಿದುಕೊಂಡವರು, ದಾರಿ ಬಿಟ್ಟು ನಿಂತು ನೋಡಿದ್ದರು. ರೋಡ್ ಹಂಪಿನ ಮೇಲೆ ಗಾಡಿಯ ಹೊಟ್ಟೆ ತಾಗದಿರಲೆಂದು ಓರೆಯಾಗಿ ಏರಿಸಿ ಇಳಿಸಿದ್ದೆ. ಅದನ್ನೂ ಹೇಳಿದೆ. ತಿರುಗಿ ಬಂದದ್ದನ್ನೂ ಹೇಳಿದೆ. ಅವರ ಎಡಗೈ ಮೊಣಕಾಲಿನ ಮೇಲೆ ಸುಮ್ಮನೆ ಇರಲಿಲ್ಲ.

ಮುಗಿದ ಮೇಲೆ ಅವರು ಎದ್ದು ಕಪ್ಪುಗಳನ್ನು ತೊಳೆದು ಮತ್ತೆ ಕಾಗದದಲ್ಲಿ ಸುತ್ತಿಟ್ಟರು. ಬಾಗಿಲವರೆಗೆ ನನ್ನ ಜೊತೆ ಬಂದರು.

"ಛಲೋ ಹೇಳಿದ್ರಿ ಸರ್. ಖರೇನೂ ಹೇಳಿದ್ರಿ. ಇಷ್ಟ ಸಾಕು. ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ."

ದನಿ ಏರಿಸಲಿಲ್ಲ. ನನ್ನ ಚಪ್ಪಲಿ ಬಾಗಿಲಿನ ಆಚೆ ಇದ್ದವು, ಹಾಕಿಕೊಂಡು ಬಂದೆ. ಆಮೇಲೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ನಿಪ್ಪಾಣಿಯಲ್ಲಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಾರೆ ಎಂದು ಯಾರೋ ಹೇಳಿದರು, ಕೇಳಿಸಿಕೊಂಡೆ.

ಒಂದೂವರೆ ವರ್ಷದ ಮೇಲೆ, ಕಳೆದ ಚಳಿಗಾಲದಲ್ಲಿ, ಒಂದು ಮದುವೆ ಮುಗಿಸಿಕೊಂಡು ನಿಪ್ಪಾಣಿಯಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಊರು ಬಿಡುವ ಮುಂಚೆ ದಾರಿ ಕಟ್ಟಿಕೊಂಡು ಬಸ್ಸು ನಿಂತಿತು. ಕಿಟಕಿಯಿಂದ ಕೆಳಗೆ ನೋಡಿದರೆ ಪಕ್ಕದಲ್ಲಿ ಬೆಳ್ಳಿ ಬಣ್ಣದ ಗಾಡಿ, ಎರಡು ಬಾಗಿಲಿನದು, ತಗ್ಗಿನದು. ಅದೇ ಗಾಡಿಯಲ್ಲ, ಅದರದೇ ಜಾತಿಯ ಇನ್ನೂ ಹಳೆಯದು. ಬಸ್ಸಿನ ಎತ್ತರದಿಂದ ಓಡಿಸುವವರ ಮುಖ ಕಾಣುತ್ತಿರಲಿಲ್ಲ. ಸ್ಟೇರಿಂಗಿನ ಮೇಲಿನ ಎರಡು ಕೈ ಕಂಡವು, ಗುಂಡಗಿನ, ಕುಳ್ಳ ಬೆರಳಿನ ಕೈ, ಮತ್ತು ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಅಂಚು. ಪಕ್ಕದ ಸೀಟು ಖಾಲಿ ಇತ್ತು.

ದಾರಿ ತೆರೆಯಿತು. ಎಡಗೈ ಗೇರಿನ ಮೇಲೆ ಬಂತು, ಗಾಡಿ ಒಂದಿಷ್ಟೂ ಜರ್ಕು ಹೊಡೆಯದೆ ಹೊರಟು, ಬಸ್ಸನ್ನೂ ಮುಂದಿನ ಟೆಂಪೋವನ್ನೂ ದಾಟಿ ಹೋಯಿತು. ಗೇರು ಬದಲಾದದ್ದು ಸದ್ದಿನಿಂದ ಮಾತ್ರ ಗೊತ್ತಾಗಬೇಕು, ಅಷ್ಟು ನಯ. ನನ್ನ ಎದೆಯೊಳಗೆ ಎದ್ದದ್ದು ಸಂತೋಷವೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಪಕ್ಕದಲ್ಲಿ ಕೂತಿದ್ದ ಹಿರಿಯರು, ತಂಬಾಕಿನ ವ್ಯಾಪಾರದವರಂತೆ, ಅವರೂ ಬಗ್ಗಿ ನೋಡಿದ್ದರು. ಯಾರೋ ಸಾಹುಕಾರರ ಮಗನದಿರಬೇಕು ಎಂದರು. ಬಸ್ಸು ಊರು ದಾಟಿತು.

"ಅಲ್ರಿ" ಎಂದೆ ಆಮೇಲೆ. "ಅದು ನಮ್ಮ ಫಿಜಿಕ್ಸ್ ಮೇಡಮ್ಮರದು. ಸ್ವಂತದ್ದು."

"ಹೌದೇನ್ರಿ? ಭಾಳ ಹಳೇದು ಕಾಣತೈತಲ್ರಿ. ಬಾಳಿಕಿ ಬರತೈತೋ ಇಲ್ಲೋ."

ಅದರ ಎಂಜಿನ್ನು, ಅದರ ದೋಷಗಳು, ಎಷ್ಟು ವರ್ಷಕ್ಕೆ ಏನು ಕೆಡುತ್ತದೆ, ನನಗೆ ಎಲ್ಲ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಛಲೋ ಇರತೈತ್ರಿ" ಎಂದೆ. "ಅವರೇ ಸ್ವಂತ ನೋಡಿ ತಗೊಂಡಾರ."